ಐರಿಸ್ ಮರ್ಡಾಕ್ ಅವರ ಕೊನೆಯ ಕಾದಂಬರಿ ಮತ್ತು ನಮ್ಮ ಮನೆಗಳ ‘ಅರಳುಮರಳು’

ಇಂಗ್ಲೆಂಡಿನ ಹಿರಿಯ ಕಾದಂಬರಿಗಾರ್ತಿ ಐರಿಸ್ ಮರ್ಡಾಕ್ ಅವರ ‘ಜ್ಯಾಕ್ಸನ್ಸ್ ಡಿಲೆಮಾ’ 1995ರಲ್ಲಿ ಪ್ರಕಟವಾಯಿತು. ಅದು ಅವರ ಇಪ್ಪತ್ತಾರನೆಯ ಕಾದಂಬರಿ. ಆಗ ಅವರಿಗೆ 76 ವರ್ಷ. ಆಕ್ಸ್‌ಫರ್ಡ್‌ನಲ್ಲಿ ತತ್ವಶಾಸ್ತ್ರ ಕಲಿಸಿದವರು, ‘ದ ಸೀ, ದ ಸೀ’ ಕಾದಂಬರಿಗಾಗಿ 1978ರಲ್ಲಿ ಬುಕರ್ ಪ್ರಶಸ್ತಿ ಪಡೆದವರು, ನಾಲ್ಕು ದಶಕಗಳ ಕಾಲ ಬಿಡುವಿಲ್ಲದೆ ಬರೆದವರು. ಅವರ ಹೊಸ ಪುಸ್ತಕ ಬಂದಿತೆಂದರೆ ಪತ್ರಿಕೆಗಳು ಜಾಗ ಕಾದಿರಿಸುತ್ತಿದ್ದವು. ಈ ಸಲವೂ ಹಾಗೆಯೇ ಆಯಿತು. ಆದರೆ ಬಂದ ವಿಮರ್ಶೆಗಳಲ್ಲಿ ಗೌರವಕ್ಕಿಂತ ಮುಜುಗರವೇ ಹೆಚ್ಚಾಗಿತ್ತು. ಮರ್ಡಾಕ್ ಅವರ ಬಗ್ಗೆ 1965ರಷ್ಟು ಹಿಂದೆಯೇ ಇಡೀ ಒಂದು ಪುಸ್ತಕ ಬರೆದಿದ್ದ ಎ.ಎಸ್. ಬಯಾಟ್ ಕೂಡ ಇದನ್ನು ನಮ್ಮ ದೇಶದ ಹೆಸರಿನಲ್ಲಿ ಪ್ರಸಿದ್ಧವಾದ ಹಗ್ಗದ ಇಂದ್ರಜಾಲಕ್ಕೆ ಹೋಲಿಸಿದರು. ಹಗ್ಗ ಮೇಲೆ ನಿಂತಿದೆ, ಹತ್ತುವವರು ಯಾರೂ ಇಲ್ಲ. ಪಾತ್ರಗಳಿಗೆ ಒಳಗೊಂದು ವ್ಯಕ್ತಿತ್ವವೇ ಇಲ್ಲ ಎಂಬುದು ಅವರ ದೂರಾಗಿತ್ತು.

ಕಥೆ ಹೀಗಿದೆ. ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಎಡ್ವರ್ಡ್ ಎಂಬ ಯುವಕನ ಮದುವೆ ನಿಶ್ಚಯವಾಗಿದೆ. ನೆಂಟರು, ಸ್ನೇಹಿತರು ಬಂದು ಸೇರಿದ್ದಾರೆ. ಮುನ್ನಾದಿನದ ರಾತ್ರಿ ಮದುಮಗಳಿಂದ ಚೀಟಿಯೊಂದು ಬರುತ್ತದೆ. ತಾನು ಈ ಮದುವೆಯಾಗಲಾರೆ ಎಂದಷ್ಟೇ ತಿಳಿಸಿ ಆಕೆ ಕಾಣೆಯಾಗಿದ್ದಾಳೆ. ಮುಂದಿನ ಪುಟಗಳೆಲ್ಲ ಹುಡುಕಾಟ, ಕಳವಳ, ಪಶ್ಚಾತ್ತಾಪ. ಇವರೆಲ್ಲರ ನಡುವೆ ಜ್ಯಾಕ್ಸನ್ ಎಂಬ ಸೇವಕನಿದ್ದಾನೆ. ಎಲ್ಲಿಂದ ಬಂದವನೋ ಗೊತ್ತಿಲ್ಲ. ಎಲ್ಲರ ಮನೆಯಲ್ಲೂ ಕೆಟ್ಟುಹೋದದ್ದನ್ನು ಸದ್ದಿಲ್ಲದೆ ಸರಿಪಡಿಸುತ್ತಾನೆ. ಕೊನೆಗೆ ಬೇರೆಬೇರೆ ಜೋಡಿಗಳ ಮದುವೆಗಳು ನಡೆದು ಎಲ್ಲವೂ ಒಂದು ದಡ ಸೇರುತ್ತದೆ. ಷೇಕ್ಸ್‌ಪಿಯರನ ಸುಖಾಂತ ನಾಟಕಗಳ ಚೌಕಟ್ಟು ಇದು. ಮರ್ಡಾಕ್ ಇದನ್ನು ಹಿಂದೆಯೂ ಅನೇಕ ಬಾರಿ ಬಳಸಿದ್ದರು.

ಮರುವರ್ಷ ಅವರು ಬರೆಯಲಾಗುತ್ತಿಲ್ಲ ಎಂದು ಪತ್ರಿಕೆಯವರ ಮುಂದೆ ಹೇಳಿಕೊಂಡರು. ಲೇಖಕರಿಗೆ ಆಗಾಗ ಬರುವ ಬರವಣಿಗೆಯ ಬರಗಾಲವೇ ಇದೂ ಇರಬೇಕು ಎಂದುಕೊಂಡರು ಜನ. 1997ರಲ್ಲಿ ಕಾರಣ ಗೊತ್ತಾಯಿತು. ಅದು ಅಲ್ಜೈಮರ್ಸ್ ರೋಗ, ಮರೆಗುಳಿತನವೆಂದು ನಾವು ಕರೆಯುವ ಡಿಮೆನ್ಶಿಯಾದ ಅತಿ ಸಾಮಾನ್ಯ ರೂಪ. 1999ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಮರಣಾನಂತರ ಮಿದುಳಿನ ಪರೀಕ್ಷೆಯೂ ಅದನ್ನೇ ದೃಢಪಡಿಸಿತು.

ಹಾಗಿದ್ದರೆ ವಿಮರ್ಶಕರು 1995ರಲ್ಲಿ ಓದಿದ್ದು ಏನನ್ನು? ಕೆಟ್ಟ ಕಾದಂಬರಿಯನ್ನೋ, ರೋಗವನ್ನೋ? ಲಂಡನ್ನಿನ ನರವಿಜ್ಞಾನಿ ಪೀಟರ್ ಗ್ಯಾರಾರ್ಡ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡರು. ಅವರ ಅಧ್ಯಯನ ‘ಬ್ರೇನ್’ ಎಂಬ ವೈದ್ಯಕೀಯ ಪತ್ರಿಕೆಯ 2005ರ ಸಂಪುಟದಲ್ಲಿದೆ. ಮೂರು ಕಾದಂಬರಿಗಳನ್ನು ಅವರು ಆಯ್ದುಕೊಂಡರು: ಮೊದಲನೆಯದಾದ ‘ಅಂಡರ್ ದ ನೆಟ್’ (1954), ಪ್ರತಿಭೆಯ ಉತ್ತುಂಗದ ‘ದ ಸೀ, ದ ಸೀ’ (1978) ಮತ್ತು ಕೊನೆಯ ‘ಜ್ಯಾಕ್ಸನ್ಸ್ ಡಿಲೆಮಾ’. ಇಂಥ ಪರೀಕ್ಷೆಗೆ ಮರ್ಡಾಕ್ ಬಹಳ ಒಗ್ಗುವ ಲೇಖಕಿಯಾಗಿದ್ದರು. ಅವರು ಕೈಬರಹದಲ್ಲೇ ಬರೆಯುತ್ತಿದ್ದರು, ಸಂಪಾದಕರಿಗೆ ತಿದ್ದಲು ಬಿಡುತ್ತಿರಲಿಲ್ಲ. ಹಾಗಾಗಿ ಅಚ್ಚಾದ ಪದ ಅವರದೇ ಪದ.

ಫಲಿತಾಂಶ ಎರಡು ಬಗೆಯದು. ವ್ಯಾಕರಣದಲ್ಲಿ, ವಾಕ್ಯಗಳ ಕಟ್ಟಿನಲ್ಲಿ, ಕಥೆಯ ಒಟ್ಟು ಜೋಡಣೆಯಲ್ಲಿ ಮೂರು ಕಾದಂಬರಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಸಿಕ್ಕಿದ್ದು ಪದಸಂಪತ್ತಿನಲ್ಲಿ. ಕೊನೆಯ ಕಾದಂಬರಿಯಲ್ಲಿ ಬೇರೆಬೇರೆ ಪದಗಳ ಸಂಖ್ಯೆ ಇಳಿದಿತ್ತು. ಪುಟ ಮುಂದುವರಿದಂತೆ ಹೊಸ ಪದ ಬರುವುದು ನಿಧಾನವಾಗಿತ್ತು. ಬಂದ ಪದಗಳೂ ಎಲ್ಲರ ಬಾಯಲ್ಲಿ ದಿನವೂ ಓಡಾಡುವ ಸವೆದ ಪದಗಳಾಗಿದ್ದವು. ಅಪರೂಪದ ಪದ, ವಸ್ತುವಿಗೆ ಅದರದೇ ಆದ ಹೆಸರು ಮೊದಲು ಜಾರಿಹೋಗಿತ್ತು. ಇವೆಲ್ಲ ರೋಗ ಪತ್ತೆಯಾಗುವ ಮೊದಲೇ, ಮನೆಯವರಿಗೆ ಅನುಮಾನವೂ ಬಾರದ ದಿನಗಳಲ್ಲೇ ಆಗಿದ್ದವು.

ಮರೆಗುಳಿತನದ ಆರಂಭದಲ್ಲಿ ಭಾಷೆಗೆ ಆಗುವುದು ಬಹುಮಟ್ಟಿಗೆ ಇದೇ. ಅಜ್ಜಿಯೊಬ್ಬರು ಅಡಕತ್ತರಿ ಕೇಳಬೇಕಾಗಿದೆ ಎಂದುಕೊಳ್ಳಿ. ‘ಆ ಅಡಿಕೆಯದ್ದು... ಕತ್ತರಿಸುವುದು... ಅದನ್ನು ಸ್ವಲ್ಪ ಇತ್ತ ಕೊಡು ಅಂದೆನಲ್ಲ ಮಗಾ’ ಎನ್ನುತ್ತಾರೆ. ಈ ಮಾತಿನಲ್ಲಿ ಯಾವುದು ಹೋಗಿದೆ, ಯಾವುದು ಉಳಿದಿದೆ ನೋಡಿ. ಹೋಗಿರುವುದು ಒಂದೇ ಒಂದು ನಾಮಪದ. ವಿಭಕ್ತಿ ಸರಿಯಾಗಿದೆ, ಕ್ರಿಯಾಪದ ಸರಿಯಾಗಿದೆ, ಎದುರಿಗಿರುವುದು ಮೊಮ್ಮಗ ಎಂಬ ಪ್ರೀತಿಯೂ, ತಾನು ಹಿಂದೆಯೇ ಕೇಳಿದ್ದೆನೆಂಬ ಚಿಕ್ಕ ಆಕ್ಷೇಪವೂ ಸ್ಥಳದಲ್ಲೇ ಇವೆ. ಎಲ್ಲಕ್ಕಿಂತ ಮಿಗಿಲಾಗಿ, ಕಳೆದುಹೋದ ಪದದ ಸುತ್ತ ದಾರಿ ಮಾಡಿಕೊಂಡು ಹೋಗುವ ಜಾಣ್ಮೆ ಇದೆ. ಕೇಳುವವರಿಗೆ ಮಾತ್ರ ‘ಅದು’, ‘ಇದು’ಗಳೇ ಕಿವಿಗೆ ಬೀಳುತ್ತವೆ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ವೈದ್ಯ ಅಲೋಯಿಸ್ ಅಲ್ಜೈಮರ್ ಈ ರೋಗವನ್ನು ಮೊದಲ ಬಾರಿಗೆ ಬರೆದಿಟ್ಟುಕೊಂಡಾಗಲೂ ಅವರು ಬರೆದದ್ದು ಹೆಚ್ಚಾಗಿ ಮಾತುಕತೆಯನ್ನೇ. ಆಗುಸ್ಟೆ ಡಿ. ಎಂಬ 51 ವರ್ಷದ ಮಹಿಳೆ ಅವರ ಮುಂದಿದ್ದರು. ಪೆನ್ಸಿಲು, ಪೆನ್ನು, ಬೀಗದ ಕೈ ತೋರಿಸಿದರೆ ಸರಿಯಾದ ಹೆಸರು ಹೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಏನು ತೋರಿಸಿದೆ ಎಂದು ಕೇಳಿದರೆ ಉತ್ತರವಿಲ್ಲ. ಗಂಡನ ಹೆಸರು ಕೇಳಿದಾಗ ತನ್ನ ಹೆಸರನ್ನೇ ಹೇಳಿದರು. ಮಧ್ಯಾಹ್ನ ಹೂಕೋಸು ಮತ್ತು ಮಾಂಸ ತಿನ್ನುತ್ತಾ ಕುಳಿತವರನ್ನು ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಎಂದರು. ಈ ತಪ್ಪನ್ನು ಗಮನಿಸಬೇಕು. ಅವರು ಕುರ್ಚಿ ಎನ್ನಲಿಲ್ಲ, ಕುದುರೆ ಎನ್ನಲಿಲ್ಲ. ತಪ್ಪು ಪದವೂ ತಟ್ಟೆಯಲ್ಲಿ ಇರಬಹುದಾದ ಇನ್ನೊಂದು ತರಕಾರಿಯೇ. ಪದ ಇದ್ದ ಮನೆಯ ಬಾಗಿಲಿಗೆ ಹೋಗಿ ಪಕ್ಕದ ಮನೆಯ ಕದ ತಟ್ಟಿದಂತೆ.

ಇನ್ನು ನಮ್ಮ ಕಡೆಯ ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಈ ಅಧ್ಯಯನದ ಪಕ್ಕದಲ್ಲಿಟ್ಟು ನೋಡಬೇಕು. ಗಾದೆ ಹೇಳುವುದು ಸರಳ: ವಯಸ್ಸಾಗುತ್ತಲೇ ಬುದ್ಧಿ ಜಾರುತ್ತದೆ, ಅದಕ್ಕೆ ಯಾರೇನು ಮಾಡಲಾದೀತು? ಆದರೆ ಗ್ಯಾರಾರ್ಡ್ ಅವರ ಲೆಕ್ಕದಲ್ಲಿ ಮರ್ಡಾಕ್ ಅವರ ಪದಸಂಪತ್ತು ಅತ್ಯಂತ ಶ್ರೀಮಂತವಾಗಿದ್ದದ್ದು 35ನೆಯ ವಯಸ್ಸಿನ ಮೊದಲ ಕಾದಂಬರಿಯಲ್ಲಲ್ಲ, 59ರಲ್ಲಿ ಹೊರಬಂದ ‘ದ ಸೀ, ದ ಸೀ’ಯಲ್ಲಿ. ಗಾದೆ ಅರಳುಮರಳು ಹಚ್ಚುವ ವಯಸ್ಸಿನ ಹೊಸ್ತಿಲಲ್ಲೇ ಆಕೆ ಭಾಷೆಯ ಶಿಖರದಲ್ಲಿದ್ದರು. ಆಮೇಲೆ ಟೊರಾಂಟೋದ ಸಂಶೋಧಕರು ಮರ್ಡಾಕ್ ಜೊತೆಗೆ ಅಗಾಥಾ ಕ್ರಿಸ್ಟಿ ಮತ್ತು ಪಿ.ಡಿ. ಜೇಮ್ಸ್ ಎಂಬ ಪತ್ತೇದಾರಿ ಕಾದಂಬರಿಗಾರ್ತಿಯರನ್ನೂ ಸೇರಿಸಿ ಇಂಥದೇ ಎಣಿಕೆ ಮಾಡಿದರು. ಅದು 2011ರಲ್ಲಿ ಪ್ರಕಟವಾಯಿತು. ಕ್ರಿಸ್ಟಿಯವರ ಕೊನೆಯ ಪುಸ್ತಕಗಳಲ್ಲಿ ಪದಸಂಪತ್ತು ಕುಸಿದಿತ್ತು. ಕೊನೆಯವರೆಗೂ ಮನಸ್ಸು ಚುರುಕಾಗಿಯೇ ಇದ್ದ ಜೇಮ್ಸ್ ಅವರಲ್ಲಿ ಅಂಥ ಕುಸಿತ ಕಾಣಲಿಲ್ಲ. ಜೇಮ್ಸ್ ತಮ್ಮ ಕೊನೆಯ ಕಾದಂಬರಿಯನ್ನು ಪ್ರಕಟಿಸಿದ್ದು 91ನೆಯ ವಯಸ್ಸಿನಲ್ಲಿ. ಮುಪ್ಪಿಗೂ ಮರೆಗುಳಿತನಕ್ಕೂ ನಂಟಿದೆ ನಿಜ, ಆದರೆ ಅವೆರಡೂ ಒಂದೇ ಅಲ್ಲ. ಗಾದೆ ಅವೆರಡನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿಬಿಡುತ್ತದೆ. ಪರಿಣಾಮವಾಗಿ ವೈದ್ಯರ ಬಳಿಗೆ ಹೋಗುವುದು ಎರಡು ಮೂರು ವರ್ಷ ತಡವಾಗುತ್ತದೆ.

ಇಲ್ಲಿ ಎಣಿಕೆಯವರನ್ನೂ ಸ್ವಲ್ಪ ಪ್ರಶ್ನಿಸಬೇಕಾಗಿದೆ. ಅಗಾಥಾ ಕ್ರಿಸ್ಟಿಯವರಿಗೆ ಜೀವಿತಕಾಲದಲ್ಲಿ ಯಾವ ವೈದ್ಯರೂ ಡಿಮೆನ್ಶಿಯಾ ಎಂದು ಹೇಳಿದ ದಾಖಲೆಯಿಲ್ಲ. ಆದರೂ ಕಂಪ್ಯೂಟರಿನ ಲೆಕ್ಕ ಬಂದ ಮೇಲೆ ಅವರಿಗೆ ಆ ರೋಗವಿತ್ತೆಂದೇ ಪತ್ರಿಕೆಗಳು ಬರೆದುಬಿಟ್ಟವು. ಪದಗಳ ಎಣಿಕೆ ಅನುಮಾನಕ್ಕೆ ದಾರಿ ತೋರಿಸಬಲ್ಲದು, ರೋಗನಿರ್ಣಯ ಮಾಡಲಾರದು. ಲೇಖಕನೊಬ್ಬ ಬೇಕೆಂದೇ ಸರಳ ಭಾಷೆಗೆ ಇಳಿಯಬಹುದು. ಆತುರದಲ್ಲಿ ಬರೆದಿರಬಹುದು. ವಸ್ತುವೇ ಅದನ್ನು ಕೇಳಿರಬಹುದು.

‘ಜ್ಯಾಕ್ಸನ್ಸ್ ಡಿಲೆಮಾ’ಗೆ ಆದ ಅನ್ಯಾಯ ಎರಡು ಸಲದ್ದು. ಮೊದಲ ಸಲ ವಿಮರ್ಶಕರು ರೋಗದ ಗುರುತನ್ನು ಕಲೆಯ ದೋಷವೆಂದು ಓದಿದರು. ಅವರಿಗೆ ಗೊತ್ತಿರಲಿಲ್ಲ, ಹಾಗಾಗಿ ಅದು ಕ್ಷಮ್ಯ. ಎರಡನೆಯ ಸಲ, 2005ರ ನಂತರ, ಅದನ್ನು ಕಾದಂಬರಿಯಾಗಿ ಓದುವುದನ್ನೇ ಬಿಟ್ಟರು. ಈಗ ಅದು ಆಸ್ಪತ್ರೆಯ ಕಡತವಾಗಿದೆ. ಯಾವ ಪುಟದಲ್ಲಿ ಯಾವ ಪದ ಮತ್ತೆಮತ್ತೆ ಬಂದಿದೆ ಎಂದು ಪೆನ್ಸಿಲು ಹಿಡಿದು ಗುರುತು ಹಾಕುವವರೇ ಹೆಚ್ಚು. ಆ ಕಾದಂಬರಿಯ ಕೊನೆಯಲ್ಲಿ ಜ್ಯಾಕ್ಸನ್ ಒಬ್ಬನೇ ಕುಳಿತಿರುತ್ತಾನೆ. ತನ್ನ ಶಕ್ತಿ ಕುಂದುತ್ತಿದೆ, ತನ್ನದೇ ಹಿಂದಿನ ಬದುಕು ನೆನಪಿಗೆ ಬರುತ್ತಿಲ್ಲ, ಮುಂದೆ ದಾರಿಯಿಲ್ಲದ ಎಡೆಗೆ ಬಂದು ನಿಂತಿದ್ದೇನೆ ಎಂಬ ಅರಿವು ಅವನಿಗೆ ಆಗುತ್ತದೆ. ಆದರೂ ಅವನ ಮುಖದಲ್ಲಿ ನಗು ಮೂಡುತ್ತದೆ. ಇಲ್ಲಿನ ಪದಗಳು ಬಡವಾಗಿವೆ, ಒಪ್ಪೋಣ. ಆದರೆ ಕಾದಂಬರಿಯನ್ನು ಎಲ್ಲಿಗೆ ತಂದು ನಿಲ್ಲಿಸಬೇಕೆಂಬುದು ಲೇಖಕಿಗೆ ಗೊತ್ತಿದೆ. ತನಗೇನಾಗುತ್ತಿದೆ ಎಂದು ಆಕೆಗೆ ಅರಿವಿತ್ತೇ ಎಂಬ ಊಹಾಪೋಹ ಇಲ್ಲಿ ಬೇಡ. ಪದಗಳ ಕೊರತೆಯಲ್ಲೂ ನೆನಪು ಜಾರುವವನ ಘನತೆಯನ್ನು ಆಕೆ ಬರೆಯಬಲ್ಲವರಾಗಿದ್ದರು. ಎಣಿಕೆಯಲ್ಲಿ ಇದಕ್ಕೆ ಅಂಕಣವಿಲ್ಲ.

ಇದೇ ಮಾತನ್ನು ರಿಚರ್ಡ್ ಐರ್ ನಿರ್ದೇಶಿಸಿದ ‘ಐರಿಸ್’ (2001) ಚಿತ್ರದ ಬಗ್ಗೆಯೂ ಹೇಳಬೇಕಾಗುತ್ತದೆ. ಜೂಡಿ ಡೆಂಚ್ ಅವರ ಅಭಿನಯ ಮರೆಯುವಂಥದಲ್ಲ. ಪತಿ ಜಾನ್ ಬೇಲಿಯ ಪಾತ್ರಕ್ಕಾಗಿ ಜಿಮ್ ಬ್ರಾಡ್‌ಬೆಂಟ್ ಆಸ್ಕರ್ ಪಡೆದರು. ಆದರೆ ಚಿತ್ರದಲ್ಲಿರುವುದು ಯೌವನದ ಐರಿಸ್ ಮತ್ತು ರೋಗಿ ಐರಿಸ್. ನಡುವಿನ ನಲವತ್ತು ವರ್ಷ ಮೇಜಿನ ಮುಂದೆ ಕುಳಿತು ಬರೆದ ಐರಿಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚಿತ್ರಕ್ಕೆ ಆಧಾರವಾದ ಬೇಲಿಯವರ ನೆನಪಿನ ಪುಸ್ತಕ ಇದಕ್ಕಿಂತ ಎಷ್ಟೋ ಮೇಲು. ಮಡದಿ ಬದುಕಿರುವಾಗಲೇ, 1998ರಲ್ಲಿ, ಆಕೆಯ ಅಸಹಾಯಕತೆಯನ್ನು ಜಗತ್ತಿಗೆ ತೋರಿಸಿದ್ದು ಸರಿಯೇ ಎಂಬ ಆಕ್ಷೇಪ ಆಗ ಬಂದಿತ್ತು. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಬೇಲಿ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದವರು, ಅವರ ಕಿವಿ ಸೂಕ್ಷ್ಮವಾಗಿತ್ತು. ಪದಗಳು ಹೋದ ಮೇಲೆ ತಮ್ಮಿಬ್ಬರ ಮಾತು ನೀರಿನಾಳದಲ್ಲಿ ಶಬ್ದ ಕಳಿಸಿ ಪ್ರತಿಧ್ವನಿಗಾಗಿ ಕಾಯುವಂತಾಯಿತು ಎಂಬ ಅರ್ಥದ ಹೋಲಿಕೆ ಅವರದು. ದನಿ, ಲಯ, ಹಳೆಯ ತಮಾಷೆ, ಅರ್ಥವಿಲ್ಲದ ಪ್ರಾಸ, ಇವುಗಳಲ್ಲಿ ಸಂಬಂಧ ಮುಂದುವರಿಯಿತು. ಮಕ್ಕಳಿಗಾಗಿ ಟಿವಿಯಲ್ಲಿ ಬರುತ್ತಿದ್ದ ‘ಟೆಲಿಟಬ್ಬೀಸ್’ ನೋಡುತ್ತಾ ಇಬ್ಬರೂ ಕುಳಿತಿರುತ್ತಿದ್ದರಂತೆ. ತತ್ವಶಾಸ್ತ್ರಜ್ಞೆಗೆ ಈ ಗತಿ ಬಂತೇ ಎಂದು ಮರುಗಿದವರುಂಟು. ಬೇಲಿಯವರಿಗೆ ಅದರಲ್ಲಿ ಅವಮಾನ ಕಂಡಿರಲಿಲ್ಲ.

ಮುಸ್ಲಿಮ್ ಮನೆಗಳ ಸಂದರ್ಭದಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ಜ್ಞಾನವಿದ್ದವನು ಏನೂ ಅರಿಯದವನಾಗುವಂಥ ಇಳಿವಯಸ್ಸಿನ ಪ್ರಸ್ತಾಪ ಕುರ್‌ಆನಿನ ಅನ್ನಹ್ಲ್ ಮತ್ತು ಅಲ್‌ಹಜ್ಜ್ ಅಧ್ಯಾಯಗಳೆರಡರಲ್ಲೂ ಇದೆ. ಅಂಥ ಮುಪ್ಪಿನಿಂದ ಪ್ರವಾದಿ(ಸ) ಅಲ್ಲಾಹನ ಅಭಯ ಯಾಚಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಅಂದರೆ ಇದನ್ನು ಯಾರೂ ಮುಚ್ಚಿಟ್ಟಿಲ್ಲ, ಯಾರ ಪಾಪದ ಫಲವೆಂದೂ ಅಲ್ಲಿ ಹೇಳಿಲ್ಲ. ಆದರೆ ಕುರ್‌ಆನ್ ಪಾರಾಯಣ ಮಾಡುವವರಿಗೆ ಬುದ್ಧಿಭ್ರಮಣೆ ಬಾರದು ಎಂಬ ಹಿಂದಿನವರ ಮಾತೊಂದನ್ನು ಕೆಲವರು ವೈದ್ಯಕೀಯ ಭರವಸೆಯಂತೆ ಹೇಳುತ್ತಾರೆ. ಸದುದ್ದೇಶದಿಂದಲೇ ಹೇಳುತ್ತಾರೆ. ಅದರ ಪರಿಣಾಮ ಮಾತ್ರ ಕ್ರೂರವಾದದ್ದು. ಜೀವನವಿಡೀ ಓದಿದ ತಾಯಿಗೆ ಮರೆವು ಬಂದರೆ ಮಕ್ಕಳು ಅದನ್ನು ಊರಿನಿಂದ ಮುಚ್ಚಿಡುತ್ತಾರೆ.

ಇನ್ನೂ ಒಂದು ತೊಡಕಿದೆ. ಬಾಲ್ಯದಲ್ಲಿ ಬಾಯಿಪಾಠ ಮಾಡಿ ಸಾವಿರಾರು ಸಲ ಹೇಳಿದ ಮಾತಿನ ಸರಣಿಗಳು ಈ ರೋಗದಲ್ಲಿ ಬಹುಕಾಲ ಉಳಿಯುತ್ತವೆ. ವಾರದ ಹೆಸರುಗಳು, ಮಗ್ಗಿ, ಹಾಡು, ಪ್ರಾರ್ಥನೆ ಇವೆಲ್ಲ ಒಂದರ ಹಿಂದೆ ಒಂದು ತಾವಾಗಿಯೇ ಬರುತ್ತವೆ. ಅವನ್ನು ಹುಡುಕಿ ತೆಗೆಯಬೇಕಾಗಿಲ್ಲ. ಆದ್ದರಿಂದ ಅಲ್‌ಫಾತಿಹಾ ತಡೆಯಿಲ್ಲದೆ ಓದುವ ತಂದೆಯನ್ನು ನೋಡಿ ‘ಅವರಿಗೇನಾಗಿದೆ, ನೆನಪು ಚೆನ್ನಾಗಿದೆಯಲ್ಲ’ ಎನ್ನುತ್ತೇವೆ. ಅದೇ ತಂದೆ ಎಷ್ಟು ರಕಅತ್ ಆಯಿತೆಂದು ತಡವರಿಸುತ್ತಾರೆ, ನಮಾಝ್ ಮುಗಿಸಿ ಬಂದು ನಮಾಝ್ ಆಯಿತೇ ಎಂದು ಕೇಳುತ್ತಾರೆ, ಪಕ್ಕದ ಅಂಗಡಿಯವನ ಹೆಸರಿಗೆ ‘ಆತ, ಅವನೇ’ ಎನ್ನುತ್ತಾರೆ. ಓದು ಉಳಿದಿರುವುದು ದೊಡ್ಡ ಅನುಗ್ರಹ, ಅದನ್ನು ರೋಗವಿಲ್ಲದ್ದಕ್ಕೆ ಸಾಕ್ಷಿಯಾಗಿ ಎಣಿಸಬಾರದು. ಗ್ಯಾರಾರ್ಡ್ ಅವರ ಅಧ್ಯಯನ ಕಲಿಸುವುದೂ ಇದನ್ನೇ: ವಾಕ್ಯ ಸುಸೂತ್ರವಾಗಿದ್ದರೂ ಒಳಗೆ ಪದ ಸೋರುತ್ತಿರಬಹುದು.

ಸೋರುವುದನ್ನು ನಿಲ್ಲಿಸಲು ಔಷಧಿ ಇದೆಯೇ? ಮರ್ಡಾಕ್ ಅವರ ರೋಗ ಹೊರಬಿದ್ದ 1997ರಲ್ಲೇ ಬ್ರಿಟನ್ನಿನಲ್ಲಿ ಡೊನೆಪೆಜಿಲ್ ಮಾತ್ರೆಗೆ ಪರವಾನಗಿ ಸಿಕ್ಕಿತು. ಆಮೇಲೆ ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್, ಮೆಮಾಂಟಿನ್ ಬಂದವು. ಡೊನೆಪೆಜಿಲ್‌ನ ಕೆಲಸ ಹೀಗಿದೆ. ಮಿದುಳಿನ ಜೀವಕೋಶಗಳು ಪರಸ್ಪರ ಸುದ್ದಿ ಕಳಿಸಲು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅಲ್ಜೈಮರ್ಸ್‌ನಲ್ಲಿ ಅದು ಕಡಿಮೆಯಾಗುತ್ತದೆ. ಇದ್ದಷ್ಟು ಬೇಗ ಕರಗಿಹೋಗದಂತೆ ಮಾತ್ರೆ ತಡೆಯುತ್ತದೆ. ಸಾಯುತ್ತಿರುವ ಕೋಶವನ್ನು ಅದು ಉಳಿಸುವುದಿಲ್ಲ. ನೆನಪು, ಪದ, ಹೆಸರು ಇತ್ಯಾದಿ ಅಳೆಯುವ 70 ಅಂಕಗಳ ಪರೀಕ್ಷೆಯಲ್ಲಿ ಆರು ತಿಂಗಳ ನಂತರ ಔಷಧಿ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಸಿಗುವ ಅಂತರ ಸರಾಸರಿ ಎರಡು ಮೂರು ಅಂಕ. ಕೆಲವರಲ್ಲಿ ಮಾತು ಸ್ವಲ್ಪ ಚುರುಕಾಗುತ್ತದೆ, ಸಂಭಾಷಣೆಯಲ್ಲಿ ಮತ್ತೆ ಸೇರಿಕೊಳ್ಳುತ್ತಾರೆ. ಕೆಲವರಲ್ಲಿ ಏನೂ ಕಾಣುವುದಿಲ್ಲ. ವಾಕರಿಕೆ, ಭೇದಿ, ನಾಡಿ ನಿಧಾನವಾಗುವುದು, ಕೆಟ್ಟ ಕನಸು ಇವು ಅಡ್ಡಪರಿಣಾಮಗಳು.

ಇಂಗ್ಲಿಷಿನ ಇನ್ನೊಬ್ಬ ಜನಪ್ರಿಯ ಲೇಖಕ ಟೆರಿ ಪ್ರಾಚೆಟ್ ತಮಗೆ ಅಲ್ಜೈಮರ್ಸ್‌ನ ಅಪರೂಪದ ಬಗೆಯೊಂದು ಬಂದಿದೆ ಎಂದು 2007ರ ಡಿಸೆಂಬರಿನಲ್ಲಿ ತಾವೇ ಘೋಷಿಸಿದರು. ಆಗ 59 ವರ್ಷ. ಅವರಿಗೆ ಮೊದಲು ಕೈಕೊಟ್ಟದ್ದು ಪದವಲ್ಲ, ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸುವ ಶಕ್ತಿ. ಟೈಪ್ ಮಾಡಲಾಗದೆ ಹೇಳಿ ಬರೆಸತೊಡಗಿದರು. ಡೊನೆಪೆಜಿಲ್ ಅನ್ನು ಆಗಿನ್ನೂ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ರೋಗ ಮಧ್ಯಮ ಹಂತಕ್ಕೆ ಬಂದವರಿಗೆ ಮಾತ್ರ ಕೊಡುತ್ತಿತ್ತು. ಅಂದರೆ ಪದಗಳು ಇನ್ನಷ್ಟು ಹೋಗುವವರೆಗೆ ಕಾಯಬೇಕಿತ್ತು! ಪ್ರಾಚೆಟ್ ಕೈಯಿಂದ ಹಣ ಕೊಟ್ಟು ಕೊಂಡರು, ಕೊಳ್ಳಲಾಗದವರ ಪರವಾಗಿ ಜಗಳಕ್ಕೂ ನಿಂತರು. 2011ರಲ್ಲಿ ಆ ನಿಯಮ ಬದಲಾಗಿ ಆರಂಭದ ಹಂತದವರಿಗೂ ಔಷಧಿ ಸಿಗುವಂತಾಯಿತು. 2015ರಲ್ಲಿ ತೀರಿಕೊಳ್ಳುವವರೆಗೂ ಅವರು ಪುಸ್ತಕ ತಂದರು. ಎಷ್ಟು ಮಾತ್ರೆಯ ಬಲ, ಎಷ್ಟು ಹಟದ ಬಲ ಎಂದು ಬೇರ್ಪಡಿಸಲಾಗದು.

ಹೊಸ ಔಷಧಿಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸಂಭ್ರಮವನ್ನು ಸ್ವಲ್ಪ ತಗ್ಗಿಸಿ ಓದುವುದು ಒಳ್ಳೆಯದು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಕಾನೆಮಾಬ್ ಚುಚ್ಚುಮದ್ದು ಮಿದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಎಂಬ ಪ್ರೋಟೀನನ್ನು ತೆಗೆಯುತ್ತದೆ. 18 ತಿಂಗಳ ಪ್ರಯೋಗದಲ್ಲಿ ರೋಗದ ವೇಗ ಶೇಕಡಾ 27ರಷ್ಟು ತಗ್ಗಿತು ಎಂಬುದು ಸುದ್ದಿಯಾಯಿತು. 18 ಅಂಕಗಳ ಮಾಪನದಲ್ಲಿ ಅದರರ್ಥ ಅರ್ಧ ಅಂಕಕ್ಕೂ ಕಡಿಮೆ. ಜೊತೆಗೆ ಮಿದುಳಿನ ಊತ, ರಕ್ತಸ್ರಾವದ ಅಪಾಯ. ಹೋದ ಪದವನ್ನು ಮರಳಿ ತರುವ ಔಷಧಿ ಇದೂ ಅಲ್ಲ.

ಕೊಡುವ ಔಷಧಿಗಿಂತ ನಮ್ಮ ಮನೆಗಳಲ್ಲಿ ಹೆಚ್ಚು ಚರ್ಚೆಯಾಗಬೇಕಾದದ್ದು ಪದವನ್ನು ಕಸಿಯುವ ಔಷಧಿಗಳ ಬಗ್ಗೆ. ಅಸಿಟೈಲ್‌ಕೋಲಿನ್‌ಗೆ ಅಡ್ಡಬರುವ ಮಾತ್ರೆಗಳು ನಾವು ಬಹಳ ಸಲೀಸಾಗಿ ನುಂಗುವಂಥವೇ. ಶೀತ, ಕೆಮ್ಮು, ತುರಿಕೆಗೆ ಕೊಡುವ ಕ್ಲೋರ್‌ಫೆನಿರಮಿನ್, ನರನೋವು ಮತ್ತು ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಈ ಗುಂಪಿನವು. ಪ್ರಾಯದವರಿಗೆ ಬಾಯಿ ಒಣಗುವುದು ಬಿಟ್ಟರೆ ಹೆಚ್ಚೇನೂ ತೊಂದರೆಯಾಗದೆ ಹೋಗಬಹುದು. ಎಪ್ಪತ್ತು ದಾಟಿದವರಲ್ಲಿ, ಅದರಲ್ಲೂ ಮರೆವು ಆಗಲೇ ಶುರುವಾದವರಲ್ಲಿ, ಮಾತು ಮುಗ್ಗರಿಸುತ್ತದೆ, ಗಲಿಬಿಲಿ ಹೆಚ್ಚುತ್ತದೆ. ಒಂದು ವಿಚಿತ್ರ ಸರಪಣಿಯನ್ನು ವೈದ್ಯರೇ ಗುರುತಿಸಿದ್ದಾರೆ. ಮರೆವಿಗೆ ಡೊನೆಪೆಜಿಲ್ ಕೊಡುತ್ತಾರೆ. ಅದರಿಂದ ಕೆಲವರಿಗೆ ಮೂತ್ರ ಹತೋಟಿ ತಪ್ಪುತ್ತದೆ. ಇನ್ನೊಬ್ಬ ವೈದ್ಯರು ಅದಕ್ಕೆ ಆಕ್ಸಿಬ್ಯುಟಿನಿನ್ ಬರೆಯುತ್ತಾರೆ. ಒಂದು ಮಾತ್ರೆ ಹೆಚ್ಚಿಸಿದ್ದನ್ನು ಇನ್ನೊಂದು ತಡೆಯುತ್ತದೆ. ಮುದುಕರು ಎರಡನ್ನೂ ನುಂಗಿ ಮೌನವಾಗುತ್ತಾರೆ. ಮನೆಯವರು ರೋಗ ಬಲಿಯಿತು ಎಂದುಕೊಳ್ಳುತ್ತಾರೆ.

ನಿದ್ದೆಗೆಂದು ಕೊಡುವ ಅಲ್ಪ್ರಾಜೊಲಾಮ್‌ನಂಥ ಮಾತ್ರೆಗಳೂ ನಾಲಿಗೆಯನ್ನು ಭಾರವಾಗಿಸುತ್ತವೆ. ಸಿಟ್ಟು, ಅಲೆದಾಟ ತಡೆಯಲು ಮನೋವಿಕಾರದ ಮಾತ್ರೆ ಕೊಡುವುದುಂಟು. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಇವು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 2005ರಲ್ಲೇ ಎಚ್ಚರಿಸಿದೆ. ಅನಿವಾರ್ಯವಾದಾಗ ವೈದ್ಯರು ಕೊಡುತ್ತಾರೆ, ಕೊಡಲೇಬೇಕಾಗುತ್ತದೆ. ಸಂಕಟ ಬೇರೆಡೆ ಇದೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಮಾತ್ರೆ ತರುತ್ತೇವೆ. ಹೃದಯದ ವೈದ್ಯರು, ಮೂತ್ರದ ವೈದ್ಯರು, ಮಂಡಿನೋವಿನ ವೈದ್ಯರು, ಪ್ರತಿಯೊಬ್ಬರದೂ ಒಂದೊಂದು ಚೀಟಿ. ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿ ಒಬ್ಬರೇ ವೈದ್ಯರಿಗೆ ತೋರಿಸುವವರು ಕಡಿಮೆ. ಹಾಗೆಂದು ಇದನ್ನೋದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಅದೇ ಅಪಾಯ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗುವುದು ಇವೂ ಮರೆವಿನ ವೇಷ ಹಾಕಿ ಬರುತ್ತವೆ, ಇವುಗಳಿಗೆ ಚಿಕಿತ್ಸೆ ಇದೆ.

ಕೊನೆಗೆ ಭಾಷೆಯ ಪ್ರಶ್ನೆ. ಮರ್ಡಾಕ್ ಅವರ ಬರವಣಿಗೆಯಲ್ಲಿ ಎಣಿಸಬೇಕಾಗಿದ್ದದ್ದು ಒಂದೇ ಭಾಷೆಯ ಪದಗಳನ್ನು. ಕರಾವಳಿಯ ಬ್ಯಾರಿ ಮನೆಯ ಮುದುಕಿ ಮಕ್ಕಳೊಡನೆ ಬ್ಯಾರಿ, ಮೀನು ಮಾರುವವಳೊಡನೆ ತುಳು, ಬ್ಯಾಂಕಿನಲ್ಲಿ ಕನ್ನಡ ಆಡುತ್ತಾಳೆ, ಪ್ರಾರ್ಥನೆ ಅರಬಿಯಲ್ಲಿ. ಕಲಬುರಗಿ, ವಿಜಯಪುರದ ಕಡೆ ದಖನಿ ಉರ್ದು ಮತ್ತು ಕನ್ನಡ. ಭಟ್ಕಳದಲ್ಲಿ ನವಾಯತಿ. ಇಂಥವರ ಪದ ಎಲ್ಲಿ ಸೋರುತ್ತಿದೆ ಎಂದು ಯಾವ ಭಾಷೆಯಲ್ಲಿ ನೋಡುವುದು? ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಎರಡು ಭಾಷೆ ಆಡುವವರಲ್ಲಿ ರೋಗ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರ ಇತ್ತು. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಅದಕ್ಕಿಂತ ಮಿಗಿಲಾದ ಲಾಭ ಕಾಣಲಿಲ್ಲ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಬೇರೆ ಅಧ್ಯಯನಗಳು ಇದನ್ನು ಅಷ್ಟಾಗಿ ಸಮರ್ಥಿಸಿಲ್ಲ, ವಾದ ನಡೆದಿದೆ. ಆದರೂ ಬೀದಿಯಲ್ಲಿ ಕಲಿತ ಎರಡನೆಯ ಭಾಷೆಗೂ ಮಿದುಳಿನಲ್ಲಿ ಬೆಲೆಯಿರಬಹುದೆಂದು ತೋರಿಸಿದ್ದು ದೊಡ್ಡ ಮಾತು.

ಆದರೆ ಪರೀಕ್ಷೆಯ ಕೋಣೆಯಲ್ಲಿ ಆ ಎರಡನೆಯ ಭಾಷೆಯೇ ಮುಳುವಾಗಬಹುದು. ನೆನಪಿನ ಪರೀಕ್ಷೆಗಳಲ್ಲಿ ಚಿತ್ರ ತೋರಿಸಿ ಹೆಸರು ಕೇಳುವುದುಂಟು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ ಎಂದು ಕೇಳುವುದುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಮ್ಮ ಜನಕ್ಕೆ ಹೊಂದುವಂತೆ ಮೊದಲು ರೂಪಿಸಿದ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳಂ ಈ ಐದು ಭಾಷೆಗಳಲ್ಲಿದ್ದವು. ಕನ್ನಡ ಅದರಲ್ಲಿದೆ ಎಂಬುದು ಸಂತೋಷ. ಬ್ಯಾರಿ, ತುಳು, ನವಾಯತಿ, ದಖನಿಗಳಿಗೆ ಅಲ್ಲಿ ಜಾಗವಿರಲಿಲ್ಲ. ಮನೆಮಾತು ಬೇರೆಯಾಗಿರುವ ಮುದುಕಿಗೆ ಕನ್ನಡದಲ್ಲಿ ಆರೇ ಪ್ರಾಣಿಗಳ ಹೆಸರು ಬಂದರೆ ಅದು ರೋಗವೇ, ಭಾಷೆಯ ಕೊರತೆಯೇ? ಆಕೆಯ ಮಾತೃಭಾಷೆಯಲ್ಲಿ ಇನ್ನೂ ಹತ್ತು ಹೆಸರು ಬಾಯಲ್ಲಿ ಸಿದ್ಧವಾಗಿರಬಹುದು. ಅದಕ್ಕೆ ತದ್ವಿರುದ್ಧವಾಗಿ, ಮನೆಮಾತಿನಲ್ಲೇ ಪದ ತಪ್ಪುತ್ತಿದ್ದರೂ ಕನ್ನಡ ಬಾರದ್ದರಿಂದ ಹೀಗೆ ಎಂದು ವೈದ್ಯರು ಬಿಟ್ಟುಬಿಡಲೂಬಹುದು. ಜೊತೆಗೆ ಹೋದ ಮಗನೋ ಸೊಸೆಯೋ ಪಕ್ಕದಿಂದ ಉತ್ತರ ಹೇಳಿಕೊಡುವ ಬದಲು, ಕಳೆದ ಆರು ತಿಂಗಳಲ್ಲಿ ಉಮ್ಮ ಯಾವ ಭಾಷೆಯಲ್ಲಿ ಯಾವ ಪದಗಳಿಗೆ ತಡವರಿಸಿದರು, ಯಾವ ಮಾತ್ರೆ ಶುರುವಾದ ಮೇಲೆ ತಡವರಿಸಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಆ ಕೋಣೆಯಲ್ಲಿ ಅದಕ್ಕಿಂತ ಉಪಯುಕ್ತವಾದ ಕಾಗದ ಇನ್ನೊಂದಿರಲಾರದು.